ಮನಗೂಳಿಯ ಶಾಸನ ಮತ್ತು ಜೈನ ದಾಯಭಾಗ ವಿಚಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪ್ರದೇಶದ ಶಾಸನಗಳನ್ನು ರಾಜಕೀಯ ಇತಿಹಾಸಕ್ಕಾಗಿಯೂ ಧಾರ್ಮಿಕ ಇತಿಹಾಸಕ್ಕಾಗಿಯೂ ವಿದ್ವಾಂಸರು ಬಳಸಿಕೊಂಡಿದ್ದಾರೆ. ಸತ್ತವನ ಆಸ್ತಿ ಯಾರಿಗೆ ಸಲ್ಲತಕ್ಕದ್ದೆಂಬ ಪ್ರಶ್ನೆಗೆ ಅವು ನೀಡುವ ಉತ್ತರಕ್ಕೆ ದೊರೆತ ಗಮನ ಕಡಿಮೆ. ಆ ಉತ್ತರವನ್ನು ಧರ್ಮಶಾಸ್ತ್ರದೊಡನೆಯೂ ಜೈನಗ್ರಂಥಗಳೊಡನೆಯೂ ಹೋಲಿಸಿದಾಗ ವಿಧವೆಯ ಹಾಗೂ ಹೆಣ್ಣುಮಕ್ಕಳ ಹಕ್ಕಿನ ಇತಿಹಾಸ ಸ್ಪಷ್ಟವಾಗುತ್ತದೆ.

ಬಸವನ ಬಾಗೇವಾಡಿ ತಾಲೂಕಿನ ಮನಗೂಳಿಯು ಶಾಸನಗಳ ಮಣಿಗವಳ್ಳಿ. ತರ್ದವಾಡಿ ಸಾಸಿರಕ್ಕೆ ಸೇರಿದ್ದ ಊರು. ಫ್ಲೀಟ್ ಸಂಪಾದಿಸಿದ ಇಲ್ಲಿನ 12ನೆಯ ಶತಮಾನದ ಶಾಸನದಲ್ಲಿ ಒಂದು ಕಟ್ಟಳೆಯಿದೆ. ಅದರಂತೆ, ಊರಿನಲ್ಲಿ ಗಂಡುಸಂತಾನವಿಲ್ಲದೆ ಸತ್ತವನ ದ್ವಿಪದ, ಚತುಷ್ಪದ, ಹಣ, ಧಾನ್ಯ, ಮನೆ, ಹೊಲಗಳೆಲ್ಲವೂ ಹೆಂಡತಿ, ಹೆಣ್ಣುಮಕ್ಕಳು, ವಿಭಕ್ತರಾದ ತಂದೆತಾಯಿಗಳು, ಸಹೋದರರು, ಅವರ ಮಕ್ಕಳು, ಬಂಧುಗಳು ಮತ್ತು ಸಗೋತ್ರರಿಗೆ ಸಲ್ಲಬೇಕು. ಇವರಾರೂ ಇಲ್ಲದಿದ್ದರೆ ಮಾತ್ರ ಅದು ಧರ್ಮಕ್ಕೆ ಸೇರಬೇಕು.

ಈ ಕಟ್ಟಳೆಯ ಮಹತ್ವ ತಿಳಿಯಬೇಕಾದರೆ ಅದಕ್ಕೆ ವಿರುದ್ಧವಾದ ರೂಢಿಯನ್ನು ನೆನೆಯಬೇಕು. ಅಪುತ್ರಕನ ಧನವು ಅರಸನ ಬೊಕ್ಕಸಕ್ಕೆ ಸೇರುವ ಪದ್ಧತಿ ಪ್ರಾಚೀನವಾದುದು. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ ಮಕ್ಕಳಿಲ್ಲದೆ ಮಡಿದ ವರ್ತಕನ ಪ್ರಸಂಗ ಇದನ್ನೇ ತಿಳಿಸುತ್ತದೆ. ಮನಗೂಳಿಯ ಶಾಸನದ ಶತಮಾನದಲ್ಲಿಯೇ ಗುಜರಾತಿನ ಚಾಲುಕ್ಯ ಅರಸ ಕುಮಾರಪಾಲನು ಇಂತಹ ಧನವನ್ನು ವಶಪಡಿಸಿಕೊಳ್ಳುವುದನ್ನು ನಿಲ್ಲಿಸಿದನೆಂದು ಜೈನಕೃತಿಗಳು ಕೊಂಡಾಡಿವೆ. ಆಚಾರ್ಯ ಹೇಮಚಂದ್ರನ ಪ್ರಭಾವಕ್ಕೊಳಗಾದ ಅರಸನ ಈ ಕಾರ್ಯವು ವಿಧವೆಯ ಕಣ್ಣೀರಿನ ಹಣವನ್ನು ಮುಟ್ಟದಿರುವ ಅಹಿಂಸಾಧರ್ಮವೆಂದು ಪರಿಗಣಿತವಾಯಿತು.

ಮನಗೂಳಿಯ ಅನುಕ್ರಮವು ಆಕಸ್ಮಿಕವಾಗಿರಲಾರದು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ದಲ್ಲಿಯೂ ಪತ್ನಿ, ಪುತ್ರಿ, ತಂದೆತಾಯಿ, ಸಹೋದರ, ಸಹೋದರಪುತ್ರ, ಗೋತ್ರಜ, ಬಂಧು ಎಂಬ ಕ್ರಮವೇ ಇದೆ. ಆದರೆ ವಿಜ್ಞಾನೇಶ್ವರನ ಮತದಲ್ಲಿ, ಗಂಡನು ಅಣ್ಣತಮ್ಮಂದಿರಿಂದ ವಿಭಕ್ತನಾಗಿದ್ದರೆ ಮಾತ್ರ ಹೆಂಡತಿಗೆ ಈ ಹಕ್ಕು. ಅವಿಭಕ್ತ ಕುಟುಂಬದ ವಿಧವೆಗೆ ಪಾಲಿಲ್ಲ, ಜೀವನಾಂಶ ಮಾತ್ರ. ಮುಂದಿನ ಅನೇಕ ದಾಯಾದಿ ವ್ಯಾಜ್ಯಗಳ ಬೇರು ‘ವಿಭಾಗವಾಗಿತ್ತೆ, ಇಲ್ಲವೆ’ ಎಂಬ ಈ ಪ್ರಶ್ನೆಯಲ್ಲಿದೆ.

ಜೈನಪರಂಪರೆ ಬೇರೊಂದು ದಾರಿಯನ್ನು ತೋರಿತ್ತು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಗೌರವಕ್ಕೆ ಪಾತ್ರನಾಗಿದ್ದ ಜಿನಸೇನಾಚಾರ್ಯನು ಸಂಸ್ಕೃತ ‘ಆದಿಪುರಾಣ’ದ 38ನೆಯ ಪರ್ವದಲ್ಲಿ ಗೃಹತ್ಯಾಗಕ್ರಿಯೆಯನ್ನು ವಿವರಿಸುತ್ತಾನೆ. ಮನೆಯನ್ನು ಬಿಡುವ ಶ್ರಾವಕನು ಹಿರಿಯ ಮಗನನ್ನು ಕರೆದು, ಧನವನ್ನು ಮೂರು ಭಾಗ ಮಾಡಿ, ಒಂದನ್ನು ಧರ್ಮಕಾರ್ಯಕ್ಕೆ, ಒಂದನ್ನು ಗೃಹವೆಚ್ಚಕ್ಕೆ, ಮೂರನೆಯದನ್ನು ಒಡಹುಟ್ಟಿದವರ ಹಂಚಿಕೆಗೆ ನಿಗದಿಗೊಳಿಸಬೇಕು. ಹೆಣ್ಣುಮಕ್ಕಳೂ ಗಂಡುಮಕ್ಕಳಿಗೆ ಸಮನಾದ ಪಾಲಿಗೆ ಅರ್ಹರೆಂದು ಆಚಾರ್ಯನು ಸ್ಪಷ್ಟವಾಗಿ ವಿಧಿಸಿದ್ದಾನೆ. ಕರ್ತೃವು ಜೀವಂತನಾಗಿರುವಾಗಲೇ, ಎಲ್ಲರ ಎದುರಿನಲ್ಲಿ ಇದು ನಡೆಯುವುದರಿಂದ ಸಂದೇಹಕ್ಕೆ ಎಡೆ ಕಡಿಮೆ.

ಧರ್ಮಕ್ಕೆಂದು ತೆಗೆದ ಭಾಗವನ್ನು ಕಾಪಾಡುವ ಬಗೆಗೆ ಇಂಡಿ ತಾಲೂಕಿನ ಸಾಲೋಟಗಿಯ ಶಾಸನ ಉತ್ತಮ ನಿದರ್ಶನ. ಕ್ರಿ.ಶ. 945ರಲ್ಲಿ, ಮೂರನೆಯ ಕೃಷ್ಣನ ಕಾಲದಲ್ಲಿ, ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ 500 ನಿವರ್ತನ ಭೂಮಿ, ವಿದ್ಯಾರ್ಥಿಗಳಿಗೆ 27 ವಸತಿಗಳು, ದೀಪಕ್ಕೆ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ ದತ್ತವಾದವು. ಪ್ರತಿ ವೆಚ್ಚಕ್ಕೂ ಪ್ರತ್ಯೇಕ ಮೂಲವನ್ನು ಗೊತ್ತುಪಡಿಸಿದ ಈ ವ್ಯವಸ್ಥೆ ವೈದಿಕ ಸಂಸ್ಥೆಯದಾದರೂ, ಬಸದಿಗಳ ದತ್ತಿಗಳ ಸ್ವರೂಪವೂ ಇಂತಹುದೇ. ಇಂದಿನ ವಿಶ್ವಸ್ತ ನಿಧಿಯ ಲಕ್ಷಣಗಳಾದ ಆಸ್ತಿ, ಉದ್ದೇಶ, ಪಾಲಕರು ಎಂಬ ಮೂರೂ ಇಲ್ಲಿ ಕಾಣುತ್ತವೆ.

ಆಂಗ್ಲರ ಆಳ್ವಿಕೆಯಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಭಾಗದ ಜೈನರಿಗೆ, ವಿಶೇಷ ರೂಢಿಯನ್ನು ಸಾಬೀತುಪಡಿಸದ ಹೊರತು, ಹಿಂದೂ ದಾಯವಿಧಿಯೇ ಅನ್ವಯಿಸಿತು. 1878ರಲ್ಲಿ ಪ್ರಿವಿ ಕೌನ್ಸಿಲ್ ಉತ್ತರ ಭಾರತದ ಜೈನ ವಿಧವೆಯೊಬ್ಬಳ ವ್ಯಾಜ್ಯದಲ್ಲಿ, ಗಂಡನ ಅನುಮತಿಯಿಲ್ಲದೆ ದತ್ತು ಸ್ವೀಕರಿಸುವ ಹಕ್ಕನ್ನು ರೂಢಿಯ ಆಧಾರದಿಂದ ಮನ್ನಿಸಿತು. ರೂಢಿಯ ಸಾಕ್ಷ್ಯವೇ ನಿರ್ಣಾಯಕವಾದ ಈ ಸನ್ನಿವೇಶದಲ್ಲಿ ‘ಭದ್ರಬಾಹು ಸಂಹಿತೆ’, ‘ಅರ್ಹನ್ನೀತಿ’ ಮೊದಲಾದವು ಗ್ರಂಥಭಂಡಾರಗಳಿಂದ ಹೊರಬಂದವು. ಜೆ. ಎಲ್. ಜೈನಿ (1916), ಚಂಪತರಾಯ್ ಜೈನ್ (1926) ಇವರು ಅವುಗಳ ಆಧಾರದಿಂದ ಜೈನ ಕಾನೂನನ್ನು ನಿರೂಪಿಸಿದರು. ಹಸ್ತಪ್ರತಿಯ ಪಾಠವೊಂದು ವಿಧವೆಯ ಹಕ್ಕಿಗೆ ಆಧಾರವಾಗಬಲ್ಲುದೆಂಬುದು ಆಗ ಮನವರಿಕೆಯಾಯಿತು.

ಮೃತ್ಯುಪತ್ರದ ಇತಿಹಾಸವೂ ಗಮನಾರ್ಹ. 1870ರ ಹಿಂದೂ ಮೃತ್ಯುಪತ್ರ ಕಾಯಿದೆಯು ಮುಂಬಯಿ ನಗರಕ್ಕೆ ಅನ್ವಯಿಸಿದರೂ ವಿಜಾಪುರದಂತಹ ಜಿಲ್ಲೆಗಳಿಗೆ ವಿಸ್ತರಿಸಲಿಲ್ಲ. ಇಲ್ಲಿ ಬಾಯಿಮಾತಿನ ಮೃತ್ಯುಪತ್ರವೂ ಊರ್ಜಿತವಾಗಬಹುದಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಮತ್ತು ಅದರ ತಿದ್ದುಪಡಿಯಿಂದಾಗಿ 1927ರ ಜನವರಿ 1ರಿಂದ ಬರವಣಿಗೆ, ಕರ್ತೃವಿನ ರುಜು ಮತ್ತು ಇಬ್ಬರು ಸಾಕ್ಷಿಗಳ ದೃಢೀಕರಣ ಅವಶ್ಯಕವಾದವು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರನ್ನೂ ಒಳಗೊಂಡು, ವಿಧವೆಗೆ ಪೂರ್ಣ ಒಡೆತನವನ್ನೂ, ಅವಿಭಕ್ತ ಆಸ್ತಿಯಲ್ಲಿನ ಸ್ವಂತ ಪಾಲನ್ನು ಮೃತ್ಯುಪತ್ರದ ಮೂಲಕ ಕೊಡುವ ಅಧಿಕಾರವನ್ನೂ ನೀಡಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಸಮಪಾಲು ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದ ಷರತ್ತುಗಳೊಡನೆ, 2005ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ದೊರೆಯಿತು. ಜಿನಸೇನನು ಗೃಹಸ್ಥನ ಕರ್ತವ್ಯವೆಂದು ಹೇಳಿದುದು ಸುಮಾರು ಹನ್ನೊಂದು ಶತಮಾನಗಳ ಅನಂತರ ಶಾಸನಬದ್ಧವಾಯಿತು.

ಈ ಆಧಾರಗಳಿಂದ ಒಂದು ವಿಷಯ ಸಿದ್ಧವಾಗುತ್ತದೆ. ಅನುಕ್ರಮವನ್ನು ಮನಗೂಳಿಯವರು ಕಲ್ಲಿನಲ್ಲಿ ಬರೆಯಿಸಿದರು. ಸಾಲೋಟಗಿಯವರು ಧರ್ಮದ ಆಸ್ತಿಯ ವಿನಿಯೋಗವನ್ನು ಅಂಶಾಂಶವಾಗಿ ನಮೂದಿಸಿದರು. ಜಿನಸೇನನು ಹಂಚಿಕೆಯನ್ನು ಮರಣಕ್ಕೆ ಮುನ್ನವೇ ಮುಗಿಸಲು ವಿಧಿಸಿದನು. ಮನೆತನಗಳಲ್ಲಿ ಉಳಿದಿರುವ ಓಲೆಗರಿಗಳಿಗೂ ಈ ವಿವೇಕ ಅನ್ವಯಿಸುತ್ತದೆ. ಹೊಲಮನೆಗಳ ಹಂಚಿಕೆಯನ್ನು ಬರೆದಿಡುವ ಗೃಹಸ್ಥರು ಹಸ್ತಪ್ರತಿಗಳು ಯಾವ ಬಸದಿಗೆ ಅಥವಾ ಭಂಡಾರಕ್ಕೆ ಸಲ್ಲಬೇಕೆಂಬುದನ್ನೂ ನಮೂದಿಸಿದರೆ, ಒಂದು ಕಟ್ಟಿನ ಗರಿಗಳು ಅಣ್ಣತಮ್ಮಂದಿರ ಮನೆಗಳಲ್ಲಿ ಚದುರಿಹೋಗುವುದು ತಪ್ಪುತ್ತದೆ. ಶಾಸ್ತ್ರದಾನದ ಫಲವೂ ದೊರೆಯುತ್ತದೆ.