ಮೈಕ್ ಯಾರ ದನಿ ಕೇಳ್ತದೆ? ತುತ್ತೂರಿಯಿಂದ ಮೊಬೈಲ್‌ವರೆಗೆ ರೆಕಾರ್ಡಿಂಗ್‌ನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮಂಗಳೂರಿಂದ ಮಾತಾಡ್ತಿದ್ದೀನಿ. ಸಮುದ್ರ, ಬಂದರು, ಗೋಳಿಬಜೆ ಇರೋ ಮಂಗಳೂರಲ್ಲ ಮತ್ತ! ಕೊಪ್ಪಳ ಜಿಲ್ಲೆಯ, ಯಲಬುರ್ಗಾ–ಕುಕನೂರು ಕಡೆಯ ನಮ್ಮ ಮಂಗಳೂರು. ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕೂತವರಿಗೆ, ಹೊಲದ ಬದುವಿನ ಮ್ಯಾಲೆ ಕೂತು ಕೇಳೋರಿಗೆ, ಎಲ್ಲರಿಗೂ ಸ್ವಾಗತ.

ನನಗೆ ಮೆಸೇಜ್‌ನಲ್ಲಿ ಅತಿ ಹೆಚ್ಚು ಬರೋ ಪ್ರಶ್ನೆ ಒಂದೇ: "ಅಣ್ಣಾ, ಯಾವ ಮೈಕ್ ತಗೋಬೇಕು? ಯಾವ ಸಾಫ್ಟ್‌ವೇರ್ ಚಲೋ?" ಒಂದು ಮಾಡೆಲ್ ಹೆಸರು ಹೇಳಿ ಮುಗಿಸಬಹುದು. ಆದ್ರೆ ಮುಂದಿನ ವರ್ಷ ಆ ಮಾಡೆಲ್ ಹಳೇದಾಗ್ತದೆ, ಪ್ರಶ್ನೆ ಹಾಗೇ ಉಳೀತದೆ. ಅದಕ್ಕೆ ಇವತ್ತು ಸುಮಾರು 120 ವರ್ಷ ಹಿಂದಕ್ಕೆ ಹೋಗೋಣ. ರೆಕಾರ್ಡಿಂಗ್ ಯಂತ್ರ ಅನ್ನೋದು ಯಾವತ್ತೂ ಸುಮ್ಮನೆ ಕೇಳಿಸಿಕೊಂಡಿಲ್ಲ. ಹಾಡೋರಿಗೆ ಒಂದೊಂದು ಕಾಲಕ್ಕೆ ಒಂದೊಂದು ಶರತ್ತು ಹಾಕಿದೆ. ಆ ಶರತ್ತು ಯಾವುದು ಅಂತ ಗುರುತಿಸೋಕೆ ಬಂದ್ರೆ, ಯಾವ ಅಂಗಡಿಗೆ ಹೋದ್ರೂ ಸರಿಯಾದ್ದನ್ನ ಆರಿಸೋಕೆ ಬರ್ತದೆ.

ಮೊದಲ ಶರತ್ತು: ಜೋರಾಗಿ ಹಾಡು, ಮೂರು ನಿಮಿಷದಾಗ ಮುಗಿಸು

1902ರ ನವೆಂಬರ್. ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ರೆಕಾರ್ಡಿಂಗ್ ಮಾಡ್ತಿದ್ದ. ಹಾಡಿದವರಲ್ಲಿ ಒಬ್ಬರು ಗೌಹರ್ ಜಾನ್. ಇವರು ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಆಗ ಮೈಕ್ ಇರಲಿಲ್ಲ. ಕರೆಂಟಿನ ಕೆಲಸವೇ ಇಲ್ಲ. ಒಂದು ದೊಡ್ಡ ತುತ್ತೂರಿ, ಅದರ ಸಣ್ಣ ತುದಿಯಲ್ಲಿ ತೆಳುವಾದ ಪದರ, ಪದರಕ್ಕೆ ಒಂದು ಸೂಜಿ, ಸೂಜಿ ಕೆಳಗೆ ತಿರುಗೋ ಮೇಣದ ತಟ್ಟೆ. ಹಾಡೋರು ತುತ್ತೂರಿಯೊಳಗೆ ಮುಖ ಇಟ್ಟು ಹಾಡಬೇಕು. ದನಿಯ ಬಲಕ್ಕೇ ಸೂಜಿ ಅಲುಗಾಡಿ ಮೇಣದಲ್ಲಿ ಗೆರೆ ಕೊರೀಬೇಕು. ಮೆಲ್ಲಗೆ ಹಾಡಿದ್ರೆ ಗೆರೆ ಬೀಳೋದಿಲ್ಲ. ವಿಪರೀತ ಜೋರಾದ್ರೆ ಗೆರೆ ಕೆಡ್ತದೆ. ತಟ್ಟೆ ತುಂಬೋಕೆ ಸುಮಾರು ಮೂರು ನಿಮಿಷ. ರಾತ್ರಿಯೆಲ್ಲಾ ಹರಡೋ ರಾಗವನ್ನ ಮೂರು ನಿಮಿಷಕ್ಕೆ ಮಡಚಬೇಕು.

ಹಾಡು ಮುಗಿದ ಮೇಲೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳ್ತಿದ್ರು. ಇದು ಬಿಂಕ ಅಲ್ಲ. ತಟ್ಟೆ ಅಚ್ಚಾಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಲೇಬಲ್ ಅಂಟಿಸೋರಿಗೆ ಹಾಡಿದೋರು ಯಾರು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ಈ ಮಾತು ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದೆ.

ಕರೆಂಟಿನ ಮೈಕ್ ಬಂತು, ಸಣ್ಣ ದನಿಗೂ ಜಾಗ ಸಿಕ್ತು

1925ರಲ್ಲಿ ಅಮೆರಿಕದಲ್ಲಿ ವಿದ್ಯುತ್ ರೆಕಾರ್ಡಿಂಗ್ ಶುರುವಾಯ್ತು, ಮುಂದಿನ ವರ್ಷಗಳಲ್ಲಿ ನಮ್ಮ ದೇಶಕ್ಕೂ ಬಂತು. ಈಗ ದನಿ ಸೂಜಿಯನ್ನ ತಳ್ಳಬೇಕಾಗಿಲ್ಲ. ಮೈಕ್ ದನಿಯನ್ನ ಕರೆಂಟ್ ಮಾಡ್ತದೆ, ಆಂಪ್ಲಿಫೈಯರ್ ಅದನ್ನ ದೊಡ್ಡದು ಮಾಡ್ತದೆ. ಉಸಿರು, ತಂಬೂರಿಯ ಗುಂಯ್ ಅನ್ನೋ ನಾದ, ತಬಲಾದ ಎಡಗೈ ಪೆಟ್ಟು, ಇವೆಲ್ಲ ತಟ್ಟೆಗೆ ಇಳಿಯೋಕೆ ದಾರಿ ಆಯ್ತು.

ಉತ್ತರ ಕರ್ನಾಟಕದ ದೊಡ್ಡ ದನಿಗಳು ತಟ್ಟೆಗೆ ಬಂದದ್ದು ಈ ಕಾಲದಲ್ಲೇ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ್ರು, ಅಲ್ಲೇ ಸಂಗೀತ ನಿರ್ದೇಶಕರಾಗಿಯೂ ದುಡಿದ್ರು. ಗಂಗೂಬಾಯಿ ಹಾನಗಲ್ ಅವರ ಆ ದಶಕದ ರೆಕಾರ್ಡ್ ಕೇಳಿ ನೋಡ್ರಿ, ಬೆಚ್ಚಿ ಬೀಳ್ತೀರಿ. ನಮಗೆ ಗೊತ್ತಿರೋದು ಅವರ ಗಂಭೀರವಾದ, ಗಂಡು ದನಿಯಂಥ ಕಂಠ. ಹಳೇ ತಟ್ಟೆಯಲ್ಲಿರೋದು ತೆಳುವಾದ, ಏರುಶ್ರುತಿಯ ದನಿ. ನಡುವೆ ಗಂಟಲಿಗೆ ಚಿಕಿತ್ಸೆ ಆಗಿ ಕಂಠವೇ ಬದಲಾಯ್ತು. ಆ ಮೊದಲ ದನಿ ಇವತ್ತು ಆ ತಟ್ಟೆಗಳಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ.

ಪಕ್ಕದ ಗದಗಿನ ಕಥೆ ನಿಮಗೆ ಗೊತ್ತಿರಬಹುದು. ಹುಡುಗ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿದ. ಹೀಗೇ ಹಾಡಬೇಕು ಅಂತ ಗುರುವನ್ನ ಹುಡುಕಿ 1933ರಲ್ಲಿ ಮನೆ ಬಿಟ್ಟ. ಆಗ ವಯಸ್ಸು ಹನ್ನೊಂದು. ಮೂರು ನಿಮಿಷದ ತಟ್ಟೆ ಒಂದು ಜೀವನದ ದಿಕ್ಕು ಬದಲಿಸ್ತು. ರೆಕಾರ್ಡಿಂಗ್ ಅಂದ್ರೆ ಬರೀ ನೆನಪಿನ ಡಬ್ಬಿ ಅಲ್ಲ, ಅದು ಪಾಠಶಾಲೆ ಕೂಡ.

ಟೇಪು: ಉದ್ದ ಸಿಕ್ತು, ಅಳಿಸೋ ಗುಂಡಿಯೂ ಸಿಕ್ತು

1935ರಲ್ಲಿ ಎರಡು ಘಟನೆ. ಬರ್ಲಿನ್‌ನಲ್ಲಿ ಎಇಜಿ ಕಂಪನಿ ಮ್ಯಾಗ್ನೆಟೋಫೋನ್ ಅನ್ನೋ ಟೇಪ್ ಯಂತ್ರವನ್ನ ಜನರ ಮುಂದೆ ಇಟ್ಟಿತು. ಇತ್ತ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಕೊಂಡು ಬಾನುಲಿ ಶುರು ಮಾಡಿದ್ರು. "ಆಕಾಶವಾಣಿ" ಅನ್ನೋ ಹೆಸರು ಬೆಳೆದದ್ದು ಆ ಮನೆಯಿಂದ. ನಮ್ಮ ಭಾಗಕ್ಕೆ ಹತ್ತಿರದ ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿ 8ಕ್ಕೆ.

7 ಇಂಚಿನ ರೀಲಿನಲ್ಲಿ ಸುಮಾರು ಅರ್ಧ ಗಂಟೆ ಹಿಡೀತಿತ್ತು. ಕತ್ತರಿಸಿ ಅಂಟಿಸಬಹುದಿತ್ತು. ಅಂದ್ರೆ ಇವತ್ತಿನ ಎಡಿಟಿಂಗ್ ಸಾಫ್ಟ್‌ವೇರ್‌ನ ಅಜ್ಜ ಒಂದು ಬ್ಲೇಡು ಮತ್ತು ಒಂದು ಅಂಟುಪಟ್ಟಿ! ಆದ್ರೆ ಟೇಪು ದುಬಾರಿ. ಜಗತ್ತಿನ ಎಷ್ಟೋ ರೇಡಿಯೊ ಕೇಂದ್ರಗಳು ಹಳೇ ಟೇಪಿನ ಮೇಲೆ ಹೊಸದನ್ನ ರೆಕಾರ್ಡ್ ಮಾಡಿದ್ವು. ಅಚ್ಚಾದ ತಟ್ಟೆಯ ಗೆರೆ ಅಳಿಸೋಕೆ ಬರ್ತಿರಲಿಲ್ಲ. ಟೇಪಿನ ಗೆರೆ ಸುಲಭಕ್ಕೆ ಅಳೀತಿತ್ತು. ಇವತ್ತು ಫೋನ್ ಮೆಮೊರಿ ತುಂಬ್ತು ಅಂತ ನಾವು ಅಜ್ಜಿಯ ಆಡಿಯೊ ಡಿಲೀಟ್ ಮಾಡ್ತೀವಲ್ಲ, ಅದೇ ಲೆಕ್ಕ.

ಉಳಿಸಿದ್ರೆ ಏನಾಗ್ತದೆ ಅನ್ನೋಕೆ ಇನ್ನೊಂದು ಕಥೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿ, ಕರ್ನಾಟಕದಲ್ಲೂ ಹಾಡು-ಕುಣಿತಗಳನ್ನ ದಾಖಲಿಸಿದ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅದೇ ದಾರಿ ಹಿಡಿದು ಬಂದು, 46 ವರ್ಷದಲ್ಲಿ ಏನು ಉಳೀತು, ಏನು ಬದಲಾಯ್ತು ಅಂತ ನೋಡಿದ್ರು. ಮೊದಲ ರೆಕಾರ್ಡಿಂಗ್ ಇದ್ದದ್ದಕ್ಕೆ ಹೋಲಿಸೋಕೆ ಆಯ್ತು. ಇಲ್ಲದಿದ್ರೆ "ಹಿಂದೆ ಹಿಂಗಿತ್ತಂತ" ಅನ್ನೋದಷ್ಟೇ ಉಳೀತಿತ್ತು.

ಕ್ಯಾಸೆಟ್: ಯಂತ್ರ ಊರಿಗೆ ಬಂತು

ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂತು. ಕನ್ನಡದಲ್ಲಿ 1978ರ "ನಿತ್ಯೋತ್ಸವ" ಸುಗಮ ಸಂಗೀತದ ಕ್ಯಾಸೆಟ್ ಯುಗ ತೆರೀತು: ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಸಿನಿಮಾದ ಹಾಡಿಗೆ ಮದ್ರಾಸಿಗೆ ಓಡಬೇಕಾದ ಕಾಲದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ರು. ಒಳ್ಳೆ ಸ್ಟುಡಿಯೊ ನಮ್ಮ ನೆಲದಲ್ಲೇ ಇರಬೇಕು ಅನ್ನೋದು ಅಭಿಮಾನದ ಮಾತಷ್ಟೇ ಅಲ್ಲ, ಲೆಕ್ಕದ ಮಾತೂ ಹೌದು. ರೈಲು ಖರ್ಚು, ವಸತಿ ಖರ್ಚು ಉಳಿದ್ರೆ ಹೊಸಬರಿಗೂ ಹಾಡೋಕೆ ಅವಕಾಶ ಸಿಗ್ತದೆ.

ಇನ್ನು ಜನಪದದ ಲೆಕ್ಕ ಕೇಳ್ರಿ. ಬಳ್ಳಾರಿ ಜಿಲ್ಲೆಯ ದರೋಜಿ ಈರಮ್ಮ, ಬುರ್ರಕಥೆಯ ದೊಡ್ಡ ಕಲಾವಿದೆ. ಹನ್ನೆರಡು ಕಾವ್ಯಗಳು ಬಾಯಿಪಾಠ ಇದ್ವು ಅಂತ ಹೇಳ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸ್ತು. 2014ರಲ್ಲಿ ತೀರಿಕೊಂಡ್ರು. ಇಂಥವರ ಕಥೆ ಮೂರು ನಿಮಿಷದ ತಟ್ಟೆಗೆ ಹಿಡಿಯೋದು ಸಾಧ್ಯವೇ ಇರಲಿಲ್ಲ. 90 ನಿಮಿಷದ ಕ್ಯಾಸೆಟ್ ಒಂದು ಬದಿಗೆ 45 ನಿಮಿಷ ಕೊಡ್ತು. ತಿರುವಿ ಹಾಕೋ ಹೊತ್ತಿನಲ್ಲಿ ಒಂದೆರಡು ಸಾಲು ಹೋದ್ರೂ ಕಥೆ ಉಳೀತು. ಸ್ಟುಡಿಯೊಕ್ಕಿಂತ ಕ್ಯಾಸೆಟ್‌ನ ದನಿ ಮಬ್ಬು. ಆದ್ರೆ ಆ ಕೆಲಸಕ್ಕೆ ಅದೇ ಸರಿಯಾದ ಯಂತ್ರ.

ಇವತ್ತಿನ ತುತ್ತೂರಿ ನಿಮ್ಮ ಜೇಬಿನಾಗೇ ಐತಿ

1982ರಲ್ಲಿ ಸಿ.ಡಿ. ಬಂತು. 2000ದಲ್ಲಿ ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಬಂತು. ಅದು ಹುಟ್ಟಿದ್ದು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ. ಈಗ ಫೋನ್ ಒಂದೇ ಸಾಕು ಅಂತೀವಿ. ನಿಜ, ಆದ್ರೆ ಇದಕ್ಕೂ ಒಂದು ಶರತ್ತಿದೆ. ಫೋನಿನ ಮೈಕ್ ಮಾಡಿರೋದು ಮಾತಿಗೆ, ಮುಖ್ಯವಾಗಿ ಕಾಲ್‌ಗೆ. "ನಾಯ್ಸ್ ರಿಡಕ್ಷನ್" ಅನ್ನೋದು ಒಂದೇ ಸಮ ಕೇಳೋ ಸದ್ದನ್ನ ಗದ್ದಲ ಅಂತ ತಿಳಿದು ಅಳಿಸೋಕೆ ನೋಡ್ತದೆ. ಫ್ಯಾನಿನ ಸದ್ದಿಗೆ ಸರಿ. ಹಾರ್ಮೋನಿಯಂನ ಶ್ರುತಿಗೆ, ಏಕತಾರಿಯ ನಾದಕ್ಕೆ? ಅದನ್ನೂ ಅಳಿಸ್ತದೆ. ಮೆಲ್ಲಗೆ ಹಾಡಿದ್ದು ತುತ್ತೂರಿಗೆ ಕೇಳ್ತಿರಲಿಲ್ಲ. ನಮ್ಮ ಶ್ರುತಿ ಫೋನಿಗೆ ಬೇಡ.

ಹಾಗಾದ್ರೆ ಆರಿಸೋದು ಹೆಂಗ? ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಮೈಕ್, ಲ್ಯಾಪ್‌ಟಾಪ್ ಎಲ್ಲಕ್ಕೂ ಸವಕಳಿ ಇದೆ, ವರ್ಷ ವರ್ಷ ಬೆಲೆ ಇಳೀತದೆ. ಚಲೋ ರೆಕಾರ್ಡಿಂಗ್‌ಗೆ ಮಾತ್ರ ಬೆಲೆ ಏರ್ತಾ ಹೋಗ್ತದೆ. ಅದಕ್ಕೆ ನಾಲ್ಕು ಪ್ರಶ್ನೆ ಕೇಳ್ರಿ.

ಒಂದು, ನಿಮ್ಮ ಕೋಣೆ ಎಂಥದು? ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ, ಅದಕ್ಕೆ ಸಾಮಾನ್ಯವಾಗಿ 48 ವೋಲ್ಟ್ ಬೇಕು. ಪಕ್ಕದ ಹಿಟ್ಟಿನ ಗಿರಣಿಯನ್ನೂ ಕೇಳಿಸಿಕೊಳ್ತದೆ. ತಗಡಿನ ಮನೆ, ಬೀದಿ ಬದಿಯ ಕೋಣೆ ಆದ್ರೆ ಡೈನಾಮಿಕ್ ಮೈಕ್ ಬಾಯಿಗೆ ಹತ್ತಿರ ಇಟ್ಕೊಳ್ರಿ. ಗೋಡೆಗೆ ನಾಲ್ಕು ಕೌದಿ ತೂಗು ಹಾಕಿದ್ರೆ ಪ್ರತಿಧ್ವನಿ ಇಳೀತದೆ. ದುಡ್ಡು ಖರ್ಚಿಲ್ಲ.

ಎರಡು, ಎಷ್ಟು ಹೊತ್ತು ನಡೀತದೆ? ಬಯಲಾಟ ರಾತ್ರಿಯೆಲ್ಲಾ ನಡೀತದೆ. ಬ್ಯಾಟರಿ, ಮೆಮೊರಿ ಮೊದಲೇ ಲೆಕ್ಕ ಹಾಕ್ರಿ. 48 ಕಿಲೋಹರ್ಟ್ಸ್, 24 ಬಿಟ್, ಮೊನೊ ಅಂದ್ರೆ ಗಂಟೆಗೆ ಸುಮಾರು 520 ಎಂ.ಬಿ. ಎಂಟು ಗಂಟೆಗೆ ಸುಮಾರು 4.2 ಜಿ.ಬಿ. ದನಿ ಸಂರಕ್ಷಣೆ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಎಎಸ್‌ಎ ಕೂಡ ಕನಿಷ್ಠ ಇಷ್ಟಾದ್ರೂ ಇರಲಿ ಅಂತದೆ.

ಮೂರು, ಬದಲಾಯಿಸದ ಮೂಲ ಸಿಗ್ತದಾ? ಆಪ್‌ನಲ್ಲಿ ನಾಯ್ಸ್ ರಿಡಕ್ಷನ್ ಆಫ್ ಮಾಡೋಕೆ ಬರಬೇಕು. ಗದ್ದಲ ಆಮೇಲೆ ತೆಗೀಬಹುದು, ಅಳಿಸಿದ ನಾದ ವಾಪಸ್ ಬರೋದಿಲ್ಲ.

ನಾಲ್ಕು, ಐವತ್ತು ವರ್ಷದ ಮೇಲೆ ಯಾರಾದ್ರೂ ಇದನ್ನ ತೆರೀಬಹುದಾ? ಸಾಫ್ಟ್‌ವೇರ್‌ನ ಪ್ರಾಜೆಕ್ಟ್ ಫೈಲ್ ಆ ಸಾಫ್ಟ್‌ವೇರ್ ಇರೋವರೆಗೆ ಮಾತ್ರ. ಡಬ್ಲ್ಯೂಎವಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಎರಡು ಬೇರೆ ಬೇರೆ ಜಾಗದಲ್ಲಿ ಇಡ್ರಿ. ವಾಟ್ಸಾಪ್ ವಾಯ್ಸ್ ನೋಟ್ ಆಗಿ ಕಳಿಸಬ್ಯಾಡ್ರಿ, ಹಿಂಡಿ ಸಣ್ಣದು ಮಾಡ್ತದೆ. ಡಾಕ್ಯುಮೆಂಟ್ ಆಗಿ ಕಳಿಸ್ರಿ.

ಇಷ್ಟೆಲ್ಲ ಯಾಕೆ ಅಂತೀರಾ? ನಮ್ಮ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲು ಗೊಂಬೆಯಾಟ, ವಯಸ್ಸು ಆಗ 96. ಪರದೆಯ ಮೇಲೆ ಕಾಣೋದು ಗೊಂಬೆ. ರಾವಣನಿಗೆ ಸಿಟ್ಟು ಕೊಡೋದು, ಸೀತೆಗೆ ಅಳು ಕೊಡೋದು ಪರದೆಯ ಹಿಂದಿನ ದನಿ. ತೊಗಲಿನ ಗೊಂಬೆಯನ್ನ ಮ್ಯೂಸಿಯಂನ ಗೋಡೆಗೆ ತೂಗು ಹಾಕಬಹುದು. ದನಿಯನ್ನ ಹಾಗೆ ತೂಗು ಹಾಕೋಕೆ ಬರೋದಿಲ್ಲ. ಕುಮ್ಮಟದುರ್ಗದ ಕುಮಾರರಾಮನ ಕಥೆ ಹೇಳೋರು, ಹಂತಿ ಪದ, ಗೀಗೀ ಪದ, ಮೊಹರಂ ಪದ ಹಾಡೋರು ನಿಮ್ಮ ಓಣಿಯಲ್ಲೇ ಇರಬಹುದು. ಅವರು ಹೊಸ ಮಾಡೆಲ್ ಬರೋವರೆಗೆ ಕಾಯೋಕಾಗಲ್ಲ.

ಆದ್ದರಿಂದ ಇರೋ ಫೋನಿಂದಲೇ ಶುರು ಮಾಡ್ರಿ. ಮೊದಲು ಅವರ ಒಪ್ಪಿಗೆ ಕೇಳ್ರಿ. ಹಾಡು ಮುಗಿದ ಮೇಲೆ ತಕ್ಷಣ ಸ್ಟಾಪ್ ಒತ್ತಬ್ಯಾಡ್ರಿ. ಗೌಹರ್ ಜಾನ್ ಮಾಡಿದ್ದನ್ನೇ ಮಾಡಿಸ್ರಿ: ಹೆಸರು, ಊರು, ತಾರೀಖು, ಈ ಪದ ಯಾರಿಂದ ಕಲಿತದ್ದು ಅನ್ನೋದನ್ನ ಅವರ ಬಾಯಿಂದಲೇ ಹೇಳಿಸ್ರಿ. ಫೈಲಿನ ಹೆಸರು ಅಳಿದು ಹೋಗಬಹುದು, ದನಿಯೊಳಗಿನ ಹೆಸರು ಹೋಗೋದಿಲ್ಲ.

ಮುಂದಿನ ವಾರ ಮತ್ತೆ ಸಿಗೋಣ. ಅಷ್ಟರೊಳಗ ಒಬ್ಬರ ದನಿಯಾದ್ರೂ ರೆಕಾರ್ಡ್ ಆಗಿರಲಿ. ಶರಣು.