ಆ ರೂಲಿಗೆ ಆದೇಶ ಸಂಖ್ಯೆ ಎಷ್ಟು?

ಉದ್ದದ ಪೋಸ್ಟು, ಬಿಡುವಾದಾಗ ಓದಿ.

ಹೋದ ಭಾನುವಾರ ಸುಗಟೂರಲ್ಲಿ ಗೆಳೆಯನ ಮನೆ ಜಗಲಿ ಮೇಲೆ ಕೂತಿದ್ದೆ. ಅವನ ಮಗಳು ಒಂಬತ್ತನೇ ಕ್ಲಾಸು, ವಸತಿ ಶಾಲೆಯಲ್ಲಿ ಓದ್ತಾಳೆ. ರಜೆಗೆ ಬಂದಿದ್ದವಳು ಅಲ್ಲಿನ ರೂಲುಗಳನ್ನ ಬೆರಳು ಮಡಚಿ ಎಣಿಸ್ತಾ ಇದ್ದಳು. ಫೋನ್ ಮಾಡಬಾರದು. ಅಪ್ಪ ಅಮ್ಮ ಗೊತ್ತು ಮಾಡಿದ ದಿನ ಬಿಟ್ಟು ಬರಬಾರದು. ಬೇರೆ ರೂಮಿನ ಹುಡುಗಿಯರ ಜತೆ ಕೂತು ಓದಬಾರದು. ಊಟದ ವಿಚಾರ ಮನೇಲಿ ಹೇಳಬಾರದು. ಎರಡು ಕೈ ಬೆರಳೂ ಮುಗಿದವು. "ಇದೆಲ್ಲ ಎಲ್ಲಿ ಬರೆದೈತಮ್ಮ?" ಅಂದೆ. "ಬರೆದಿಲ್ಲ ದೊಡ್ಡಪ್ಪ, ಹೇಳ್ತಾರೆ" ಅಂದಳು.

ನಾನು ಗುಮಾಸ್ತ. ಇಷ್ಟು ವರ್ಷ ಕಡತ ನೋಡಿಕೊಂಡೇ ಅನ್ನ ತಿಂದವನು. ನಮ್ಮ ಕಚೇರಿಯಲ್ಲಿ ಒಂದು ಕುರ್ಚಿ ಆ ಮೂಲೆಯಿಂದ ಈ ಮೂಲೆಗೆ ಹೋಗಬೇಕಾದರೂ ಒಂದು ಜ್ಞಾಪನ, ಅದಕ್ಕೊಂದು ಸಂಖ್ಯೆ, ದಿನಾಂಕ, ಕೆಳಗೆ ಒಂದು ಸಹಿ ಬೇಕು. ನೂರಾರು ಮಕ್ಕಳು ಯಾವಾಗ ಮಾತಾಡಬೇಕು, ಯಾರ ಜತೆ ಕೂರಬೇಕು ಅನ್ನೋ ರೂಲಿಗೆ ಮಾತ್ರ ಏನೂ ಬೇಡವಂತೆ. ಅವತ್ತಿಂದ ಇದೇ ತಲೆಯಲ್ಲಿ ಕೊರೀತಾ ಇದೆ. ಶಾಲೆಯ ಒಳಗೆ ನಮ್ಮ ಮಕ್ಕಳ ಚರಿತ್ರೆ ಅಂದರೆ ಹೆಚ್ಚುಕಡಿಮೆ ಬರೆದ ರೂಲು ಮತ್ತು ಬರೆಯದ ರೂಲುಗಳ ಜಗಳದ ಚರಿತ್ರೆಯೇ ಅನ್ನಿಸ್ತಿದೆ.

ಸುಗಟೂರಿಗೆ ಚರಿತ್ರೆ ಇಲ್ಲ ಅಂತಲ್ಲ. ಸುಗಟೂರು ಪಾಳೇಗಾರರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಹೊಸಕೋಟೆ ಕಟ್ಟಿಸಿದ ತಮ್ಮೇಗೌಡ ಈ ಮನೆತನದವನೇ. ಆದರೆ ನಮ್ಮ ಕೇರಿಯ ಮಗು ಮೊದಲ ಸಲ ಇಸ್ಕೂಲಿನ ಮೆಟ್ಟಿಲು ಹತ್ತಿದ್ದು ಯಾವಾಗ, ಎಲ್ಲಿ ಕೂರಿಸಿದರು, ಬಾಯಾರಿದಾಗ ನೀರು ಯಾರು ಹೊಯ್ದರು ಅನ್ನೋದು ಯಾವ ಶಾಸನದಲ್ಲೂ ಇಲ್ಲ. ಬೇರೆ ಕಡೆಯ ಚೂರುಗಳನ್ನೇ ಜೋಡಿಸಿಕೊಳ್ಳಬೇಕು.

ದೊಡ್ಡ ಚೂರು ಬಾಬಾಸಾಹೇಬರದೇ. ಸತಾರಾದ ಶಾಲೆಯಲ್ಲಿ ಅವರು ಬೇರೆ ಕೂರಬೇಕಿತ್ತು, ಕೂರೋದಕ್ಕೆ ಮನೆಯಿಂದಲೇ ಗೋಣಿತಾಟು ತರಬೇಕಿತ್ತು, ಸಂಜೆ ಅದನ್ನ ಮನೆಗೇ ಹೊತ್ತುಕೊಂಡು ಹೋಗಬೇಕಿತ್ತು. ಕಸ ಗುಡಿಸುವ ಆಳು ಅದನ್ನ ಮುಟ್ಟುತ್ತಿರಲಿಲ್ಲ. ನಲ್ಲಿ ಅವರು ಮುಟ್ಟೋಹಾಗಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ರಜಾ ಹಾಕಿದರೆ ಅವತ್ತು ನೀರಿಲ್ಲ. ಇದು ಎಲ್ಲರಿಗೂ ಗೊತ್ತಿರೋ ಕತೆ. ನನ್ನ ಗುಮಾಸ್ತನ ಕಣ್ಣಿಗೆ ಬಿದ್ದಿದ್ದು ಬೇರೆ. ಅಲ್ಲಿ ಗೋಡೆ ಮೇಲೆ ಬೋರ್ಡು ಬೇಕಿರಲಿಲ್ಲ. ಮೇಷ್ಟ್ರಿಗೆ, ಜವಾನನಿಗೆ, ಜತೆಯ ಹುಡುಗರಿಗೆ, ಕೊನೆಗೆ ಆ ಮಗುವಿಗೂ ರೂಲು ಬಾಯಿಪಾಠ.

ನಮ್ಮ ಮೈಸೂರು ಸಂಸ್ಥಾನದಲ್ಲಿ ನಮ್ಮವರಿಗೆ ಪಂಚಮ ಶಾಲೆಗಳು ಅಂತ ಬೇರೆಯೇ ಇದ್ದವು. ಕೋಲಾರದಲ್ಲಿ 1876-78ರ ಬರಗಾಲ ಆದಮೇಲೆ ತಬ್ಬಲಿ ಮಕ್ಕಳನ್ನ ಸಾಕಿ ಓದಿಸಿದ್ದು ಮಿಷನ್ನಿನವರು. ನಾಲ್ವಡಿಯವರ ಕಾಲದಲ್ಲಿ ಸರ್ಕಾರಿ ಶಾಲೆಗಳು ನಮ್ಮ ಮಕ್ಕಳನ್ನ ಸೇರಿಸಿಕೊಳ್ಳಬೇಕು ಅಂತ ಆದೇಶ ಆಯ್ತು, ಅದಕ್ಕೆ ಮೇಲ್ಜಾತಿಯವರ ವಿರೋಧವೂ ಬಂತು. ಆ ಆದೇಶ ತಕ್ಷಣ ಎಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಲಿಲ್ಲ, ನಿಜ. ಆದರೆ "ಕಾಗದ ಇಲ್ಲೈತೆ ಸ್ವಾಮಿ" ಅಂತ ತೋರಿಸೋಕೆ ನಮ್ಮ ತಾತಂದಿರ ಕೈಗೆ ಒಂದು ಕಾಗದ ಬಂತು. ಅದಕ್ಕೇ ನಾನು "ರೂಲೇ ಬೇಡ, ಮಕ್ಕಳನ್ನ ಸುಮ್ಮನೆ ಬಿಟ್ಟುಬಿಡಿ" ಅನ್ನುವವರ ಜತೆ ಪೂರ್ತಿ ಇಲ್ಲ. ರೂಲು ಇಲ್ಲದ ಕಡೆ ಜಾತಿಯೇ ರೂಲು. ಯೂನಿಫಾರ್ಮಿನ ವಿಷಯವೂ ಹಾಗೇ. ಹರಿದ ಅಂಗಿಯಲ್ಲಿ ಕೇರಿ ಕಾಣಬಾರದು ಅಂತ ನಮ್ಮಮ್ಮ ಸಾಲ ಮಾಡಿ ಹೊಲಿಸಿದ ನೀಲಿ ಚಡ್ಡಿ ಇನ್ನೂ ಕಣ್ಮುಂದೆ ಇದೆ.

ಹಾಸ್ಟೆಲುಗಳದು ಇದಕ್ಕಿಂತ ದೊಡ್ಡ ಕತೆ. 1929ರಲ್ಲಿ ಬಾಬಾಸಾಹೇಬರು ಧಾರವಾಡದಲ್ಲಿ ಹಾಸ್ಟೆಲ್ ತೆರೆದರು. ಬೆಂಗಳೂರಲ್ಲಿ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಇತ್ತು, ಸಿದ್ಧಲಿಂಗಯ್ಯನವರು ಇದ್ದು ಓದಿದ್ದು ಅಲ್ಲೇ, 'ಊರುಕೇರಿ'ಯಲ್ಲಿ ಅದು ಬರುತ್ತೆ. ಅಲ್ಲೂ ಗಂಟೆ ಹೊಡೀತಿತ್ತು, ವಾರ್ಡನ್ ಇದ್ದ, ಹಾಜರಿ ಇತ್ತು. ಆದರೂ ರಾತ್ರಿ ಹುಡುಗರು ಕೂತು ಮಾತಾಡ್ತಿದ್ದರು. 1973ರ ನವೆಂಬರಲ್ಲಿ ಮೈಸೂರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಏನಾಯ್ತು ನಿಮಗೆ ಗೊತ್ತು. ಮಂತ್ರಿಗಿರಿ ಹೋಯ್ತು, ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲುಗಳ ಮೇಲೆ ಹಲ್ಲೆ ಆಯ್ತು, ತಿರುಗಿ ನಿಂತದ್ದೂ ಅದೇ ಹಾಸ್ಟೆಲ್ ಹುಡುಗರು. ದಲಿತ ಸಂಘರ್ಷ ಸಮಿತಿ ಬೆಳೆದದ್ದು ಆ ಕಿಚ್ಚಿನಲ್ಲೇ. ಮುಂದೆ ನಮ್ಮ ಮಾಲೂರು ತಾಲ್ಲೂಕಿನ ಹುಣಸೀಕೋಟೆಯಿಂದ ಬೆಂಗಳೂರಿಗೆ ಜಾಥಾ ಹೊರಟಾಗ ತಮಟೆ ಹಿಡಿದು ಮುಂದೆ ಇದ್ದವರಲ್ಲಿ ಎಷ್ಟೋ ಜನ ಹಾಸ್ಟೆಲ್ ಅನ್ನ ಉಂಡವರು.

ಈಗ ನನ್ನ ಹೈಸ್ಕೂಲಿಗೆ ಬರ್ತೀನಿ. ಶಾಲೆಯ ಹೆಸರು ಹೇಳಲ್ಲ. ಸುಗಟೂರಿಂದ ದೂರ, ಬಸ್ಸಲ್ಲಿ ಹೋಗ್ತಿದ್ವಿ. ಬಸ್ಸು ದಿನಾ ತಡ. ತಡವಾಗಿ ಬಂದವರು ಮೈದಾನ ಗುಡಿಸಬೇಕು ಅನ್ನೋದು ರೂಲು. ಕೇಳೋಕೆ ಎಷ್ಟು ನ್ಯಾಯವಾಗಿದೆ ನೋಡಿ, ಜಾತಿಯ ಮಾತೇ ಇಲ್ಲ. ಆದರೆ ಆ ಬಸ್ಸಲ್ಲಿ ಬರೋರೆಲ್ಲ ಹಳ್ಳಿ ಕೇರಿಗಳ ಹುಡುಗರು. ಸೈಕಲ್ ಇದ್ದವರು ಟೈಮಿಗೆ ಸರಿಯಾಗಿ ಬರ್ತಿದ್ದರು. ಮೂರು ವರ್ಷ ಪೊರಕೆ ನಮ್ಮ ಕೈಲೇ ಇತ್ತು.

1994, ಡಿಸೆಂಬರ್ 6. ನಾವು ಒಂಬತ್ತನೇ ಕ್ಲಾಸು. ಹಿಂದಿನ ವಾರ ಸಂಘದ ಅಣ್ಣಂದಿರು ಕೇರಿಗೆ ಬಂದು ಹಾಡು ಹೇಳಿಕೊಟ್ಟು, ಬಾಬಾಸಾಹೇಬರು ತೀರಿಕೊಂಡ ದಿನ ಇದು ಅಂತ ಹೇಳಿ ಹೋಗಿದ್ದರು. ನಾವು ಐದು ಜನ ಹಳೇ ಕೊಡೆಯ ಬಟ್ಟೆ ಕತ್ತರಿಸಿ ಜೇಬಿಗೆ ಕರಿ ಪಟ್ಟಿ ಚುಚ್ಚಿಕೊಂಡು ಹೋದ್ವಿ. ಪ್ರಾರ್ಥನೆಯಲ್ಲೇ ಹೆಡ್ಮಾಸ್ಟ್ರು ಮುಂದಕ್ಕೆ ಕರೆದರು. "ಇಸ್ಕೂಲಿಗೆ ಜಾತಿ ತರಬೇಡ್ರೋ. ಕಿತ್ತು ಬಿಸಾಕಿ." ಅದೇ ಮನುಷ್ಯ ಸ್ಕಾಲರ್‌ಶಿಪ್ ಪಟ್ಟಿ ಬಂದ ದಿನ ಕ್ಲಾಸಿಗೆ ಬಂದು "ಎಸ್ಸಿ ಎಸ್ಟಿ ಎದ್ದು ನಿಲ್ರಿ" ಅಂತ ಎಲ್ಲರ ಮುಂದೆ ಎಣಿಸಿದ್ದ. ನಾಲ್ಕು ಜನ ಕಿತ್ತೆವು. ಆ ನಾಲ್ಕರಲ್ಲಿ ನಾನೂ ಒಬ್ಬ. ಒಬ್ಬನು ಕೀಳಲಿಲ್ಲ. ಅಪ್ಪನ್ನ ಕರಕೊಂಡು ಬಾ ಅಂತ ಆಚೆ ಕಳಿಸಿದರು. ಅವರಪ್ಪ ಕೂಲಿ ಬಿಟ್ಟು ಬಂದು ವರಾಂಡದಲ್ಲಿ ಟವಲ್ ಕಂಕುಳಲ್ಲಿ ಇಟ್ಟುಕೊಂಡು ಮಧ್ಯಾಹ್ನದ ತನಕ ನಿಂತು, "ತಪ್ಪಾಯ್ತು ಬುದ್ಧಿ" ಅಂದರು. ಮಗ ಅದನ್ನ ನೋಡಿದ. ಸಂಕ್ರಾಂತಿ ಹೊತ್ತಿಗೆ ಅವನು ಶಾಲೆ ಬಿಟ್ಟ. ಈಗ ಕೋಲಾರದ ಟೊಮೆಟೊ ಮಂಡಿಯಲ್ಲಿ ಹಮಾಲಿ. ನಾನು ಮೊದಲು ಹೇಳಿದ ಜಗಲಿ ಅವನ ಮನೆಯದು, ಆ ಹುಡುಗಿ ಅವನ ಮಗಳು. ನಾನು ಪಟ್ಟಿ ಕಿತ್ತೆ, ಬಿಎ ಮಾಡಿದೆ, ಗುಮಾಸ್ತನಾದೆ. ಇದನ್ನ ಅವನು ಒಂದು ದಿನವೂ ಎತ್ತಿ ಆಡಿಲ್ಲ.

ಬಹಳ ವರ್ಷ ಆದಮೇಲೆ ಒಂದು ಶಿಬಿರದಲ್ಲಿ ವಕೀಲರೊಬ್ಬರು ಹೇಳಿದಾಗ ಗೊತ್ತಾಯ್ತು. 1965ರ ಡಿಸೆಂಬರಲ್ಲಿ ಅಮೆರಿಕದ ಡೆ ಮಾಯ್ನ್ ಊರಿನ ಮಕ್ಕಳು ವಿಯೆಟ್ನಾಂ ಯುದ್ಧದ ದುಃಖಕ್ಕೆ ಹೀಗೇ ತೋಳಿಗೆ ಕರಿ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಿದ್ದರಂತೆ. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ 13 ವರ್ಷ. ಅವರನ್ನೂ ಆಚೆ ಹಾಕಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1969ರಲ್ಲಿ ಮಕ್ಕಳೇ ಗೆದ್ದರು. ಶಾಲೆಯ ಗೇಟು ದಾಟಿದ ಮಾತ್ರಕ್ಕೆ ಮಕ್ಕಳ ಹಕ್ಕು ಆಚೆ ಉಳಿಯಲ್ಲ ಅಂತ ತೀರ್ಪು. ಅಷ್ಟು ದೂರ ಯಾಕೆ, 1985ರಲ್ಲಿ ಕೇರಳದ ಮೂರು ಮಕ್ಕಳು ತಮ್ಮ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆಗೆ ಎದ್ದು ನಿಂತೂ ಹಾಡಲಿಲ್ಲ ಅಂತ ಶಾಲೆಯಿಂದ ತೆಗೆದಿದ್ದರು. ನಮ್ಮ ಸುಪ್ರೀಂ ಕೋರ್ಟೇ ವಾಪಸ್ ಸೇರಿಸಿಕೊಳ್ಳಿ ಅಂತು. 1994ರಲ್ಲಿ ಆ ವರಾಂಡದಲ್ಲಿ ನಿಂತಿದ್ದ ಅಪ್ಪನಿಗೆ ಇದನ್ನ ಹೇಳೋರು ಯಾರಿದ್ದರು?

ಹಾಗಂತ ಬರೆದ ರೂಲೆಲ್ಲ ನಮ್ಮ ಪರ ಅಂದುಕೊಳ್ಳಬೇಡಿ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶಕ್ಕೆ ಸಂಖ್ಯೆಯೂ ಇತ್ತು, ಸಹಿಯೂ ಇತ್ತು, 1983ರ ಶಿಕ್ಷಣ ಕಾಯ್ದೆಯ 133ನೇ ಕಲಮಿನ ಬಲವೂ ಇತ್ತು. ಹಿಜಾಬ್ ಗಲಾಟೆ ಶುರುವಾದದ್ದು ಉಡುಪಿಯ ಪಿಯು ಕಾಲೇಜಲ್ಲಿ. ಆದರೆ ಫೆಬ್ರವರಿ 14ಕ್ಕೆ ಹೈಸ್ಕೂಲುಗಳು ತೆರೆದಾಗ ಅದು ಹೈಸ್ಕೂಲ್ ಗೇಟಿಗೂ ಬಂತು. ಹೆಣ್ಣುಮಕ್ಕಳು ಬೀದಿಯಲ್ಲೇ, ಕ್ಯಾಮೆರಾಗಳ ಮುಂದೆ, ತಲೆವಸ್ತ್ರ ತೆಗೆದು ಒಳಗೆ ಹೋದರು. ಕೆಲವರು ವಾಪಸ್ ಹೋದರು. ಚಿಕ್ಕಮಗಳೂರಲ್ಲಿ ನಮ್ಮ ಹುಡುಗರು ನೀಲಿ ಶಾಲು ಹಾಕಿಕೊಂಡು ಜೈಭೀಮ್ ಅಂತ ಆ ಹೆಣ್ಣುಮಕ್ಕಳ ಪರ ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು. ನಾನು 14 ವರ್ಷದವನಾಗಿ ಮಾಡದ ಕೆಲಸ ಅದು. ಮಾರ್ಚ್ 15ಕ್ಕೆ ಹೈಕೋರ್ಟ್ ಆದೇಶವನ್ನ ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಬರೆದರು. ನ್ಯಾಯಮೂರ್ತಿ ಧುಲಿಯಾ ಅವರ ತೀರ್ಪು ಓದಿ, ಅಲ್ಲೂ ಗೇಟಿನ ಮಾತೇ ಬರುತ್ತೆ. ಗೇಟಲ್ಲಿ ನಿಲ್ಲಿಸಿ ತೆಗೆಸೋದು ಹುಡುಗಿಯ ಘನತೆಗೆ ಮಾಡೋ ಪೆಟ್ಟು ಅಂತಾರೆ.

ಬರೆದ ರೂಲಿನ ಜತೆ ಇಷ್ಟು ಮಾಡಬಹುದು. ಪ್ರತಿ ತೆಗೆದುಕೊಂಡು ಕೋರ್ಟಿಗೆ ಹೋಗಬಹುದು, ಸೋತರೂ ಯಾರು ಏನು ಅಂದರು ಅಂತ ದಾಖಲೆ ಉಳಿಯುತ್ತೆ. ಬರೆಯದ ರೂಲಿಗೆ ಎಲ್ಲಿ ಹೋಗ್ತೀರಿ? 2022ರ ಸೆಪ್ಟೆಂಬರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹೈಸ್ಕೂಲ್ ಹುಡುಗ ದೇವರ ಕೋಲು ಮುಟ್ಟಿದ ಅಂತ ಅವರ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಯಾವ ಆದೇಶ, ಎಷ್ಟನೇ ಕಲಮು?

ಮರುವರ್ಷ, 2023ರ ಡಿಸೆಂಬರಲ್ಲಿ, ಅದೇ ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆ. ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದರು. ಬೆನ್ನಿಗೆ ಬ್ಯಾಗು ಹೊರಿಸಿ, ಮಂಡಿಯೂರಿಸಿ, ಕೈ ಮೇಲೆತ್ತಿಸಿದ ಶಿಕ್ಷೆಯ ವಿಡಿಯೋನೂ ಆಚೆ ಬಂತು. ತಲೆ ಮೇಲೆ ಮಲ ಹೊರುವುದನ್ನ ಈ ರಾಜ್ಯದಲ್ಲಿ ನಿಲ್ಲಿಸಿದ್ದು ಇದೇ ಬಸವಲಿಂಗಪ್ಪನವರು, ಅರಸು ಮಂತ್ರಿಮಂಡಲದಲ್ಲಿ ಇದ್ದಾಗ. ಅರ್ಧ ಶತಮಾನ ಆದಮೇಲೆ ಸಮಾಜ ಕಲ್ಯಾಣ ಇಲಾಖೆಯ ಶಾಲೆಯಲ್ಲೇ ಹೀಗೆ. ಸಸ್ಪೆಂಡ್ ಆಯ್ತು, ಅರೆಸ್ಟ್ ಆಯ್ತು, ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸೂ ಆಯ್ತು. ಅದೆಲ್ಲ ಆದದ್ದು ವಿಡಿಯೋ ಆಚೆ ಬಂದದ್ದಕ್ಕೆ. ಫೋನು ಇಲ್ಲದ, ಮನೆಗೆ ಏನೂ ಹೇಳಬಾರದು ಅನ್ನೋ ರೂಲಿರೋ ಕಡೆ ವಿಡಿಯೋ ಇಲ್ಲದ ದಿನಗಳು ಎಷ್ಟೋ. ಮೊದಲು ಆ ಹುಡುಗಿ ಎಣಿಸಿದ ಬೆರಳುಗಳನ್ನ ಇನ್ನೊಂದು ಸಲ ನೋಡಿ.

ಕಾನೂನು ಇಲ್ಲವಾ ಅಂದರೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತೆ. ಆದರೆ ಆ ಕಾಯ್ದೆ ಬರೆದಿರೋದು 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ಕ್ಲಾಸಿನ ತನಕ. ಒಂಬತ್ತು, ಹತ್ತು ಓದೋರು ಬೇಲಿಯ ಆಚೆ.

2024ರ ಫೆಬ್ರವರಿಯಲ್ಲಿ ಕೆಲವು ವಸತಿ ಶಾಲೆಗಳ ಬಾಗಿಲಲ್ಲಿ ಕೈಮುಗಿದು ಬರಬೇಕು ಅಂತಿದ್ದ ಬರಹ ಅಳಿಸಿ, ಧೈರ್ಯವಾಗಿ ಪ್ರಶ್ನೆ ಮಾಡಬೇಕು ಅಂತ ಬರೆಸಿದರು. ಎಂಥ ಗಲಾಟೆ ಆಯ್ತು ಅಂದರೆ, ಮಕ್ಕಳು ಗುಂಡಿಗೆ ಇಳಿದಾಗ ಸುಮ್ಮನಿದ್ದ ಎಷ್ಟೋ ಬಾಯಿಗಳು ಅವತ್ತು ತೆರೆದುಕೊಂಡವು. ನನಗೆ ಆ ಬರಹ ಇಷ್ಟ ಆಯ್ತು, ಸುಳ್ಳು ಹೇಳಲ್ಲ. ಆದರೆ ಬಾಗಿಲ ಬರಹ ದಾಟಿ ಒಳಗೆ ಹೋದ ಮಗು ಯಾರನ್ನ ಪ್ರಶ್ನೆ ಮಾಡಬೇಕು, ಮಾಡಿದ ಮಾರನೇ ದಿನ ಅದಕ್ಕೆ ಏನಾಗುತ್ತೆ ಅನ್ನೋದನ್ನ ಯಾರು ನೋಡ್ತಾರೆ?

ಅದಕ್ಕೆ ನನಗೆ ಬರೋ ಒಂದೇ ಕೆಲಸ ಮಾಡಿದೀನಿ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆ ತಾನು ಬಳಸೋ ನಿಯಮ, ಸೂಚನೆ, ಕೈಪಿಡಿಗಳನ್ನ ತಾನಾಗೇ ಪ್ರಕಟಿಸಬೇಕು. ಜಿಲ್ಲೆಯ ಎಲ್ಲ ವಸತಿ ಶಾಲೆಗಳಲ್ಲಿ ಮಕ್ಕಳ ಮೇಲೆ ಜಾರಿಯಲ್ಲಿರೋ ನಿಯಮಗಳ ಪ್ರತಿ, ಅವುಗಳ ಆದೇಶ ಸಂಖ್ಯೆ, ದಿನಾಂಕ ಕೊಡಿ ಅಂತ ಅರ್ಜಿ ಬರೆದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಇಲ್ಲದಿದ್ದರೆ ಅದನ್ನೇ ನೆಪ ಮಾಡ್ತಾರೆ. ನಿಮ್ಮ ನಿಮ್ಮ ತಾಲ್ಲೂಕಿನ ಹೈಸ್ಕೂಲು, ಹಾಸ್ಟೆಲುಗಳಿಗೆ ನೀವೂ ಹಾಕಿ. ಮಾದರಿ ಅರ್ಜಿ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಟೈಪ್ ಮಾಡಿ ಕೊಡ್ತೀನಿ. 30 ದಿನದೊಳಗೆ ಉತ್ತರ ಕೊಡಬೇಕು.

ಅರ್ಜಿ ಹಾಕೋಕೆ ಮುಂಚೆ ಆ ಹುಡುಗಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ನಮ್ಮ ಶಾಲೆ ಒಂದರ ಹೆಸರೇ ಬರೀಬೇಡಿ ದೊಡ್ಡಪ್ಪ, ಎಲ್ಲದರದೂ ಕೇಳಿ. ಇಲ್ಲದಿದ್ರೆ ಯಾರು ಹೇಳಿದ್ದು ಅಂತ ಗೊತ್ತಾಗೋಗುತ್ತೆ" ಅಂದಳು. ಅದಕ್ಕೇ ಎಲ್ಲ ಶಾಲೆಗಳದೂ ಕೇಳಿದೀನಿ. ಅವರಪ್ಪ ಪಕ್ಕದಲ್ಲೇ ಕೂತಿದ್ದ. ಏನೂ ಅನ್ನಲಿಲ್ಲ. ಪೋಸ್ಟಲ್ ಆರ್ಡರಿಗೆ ಅಂತ ಜೇಬಿಂದ ಹತ್ತು ರೂಪಾಯಿ ತೆಗೆದು ನನ್ನ ಕೈಗಿಟ್ಟ.