ಮಹಾವೀರಾಚಾರ್ಯನ ಸಂಖ್ಯಾಹಾರ

ಅಂಕೋಲೆಯ ಪೇಟೆಗೆ ಬರುವ ಹಾಲಕ್ಕಿ ಒಕ್ಕಲಿಗ ಹೆಂಗಸರ ಕೊರಳು ತುಂಬಿದ ಮಣಿಸರಗಳನ್ನು ಕಾರವಾರ ಸೀಮೆಯಲ್ಲಿ ನೋಡದವರಿಲ್ಲ. ಸರಕ್ಕೆ ಮೊದಲು ಕೊನೆಯೆಂಬ ಭೇದವಿಲ್ಲ. ಯಾವ ಕಡೆಯಿಂದ ಎಣಿಸಿದರೂ ಲೆಕ್ಕವೊಂದೇ. ಅಂಕೆಗಳಲ್ಲಿಯೂ ಇಂಥ ಸರಗಳುಂಟೆಂದು ಕಂಡು, ಅವುಗಳಿಗೆ ಹಾರದ ಹೆಸರನ್ನೇ ಇಟ್ಟ ಗಣಿತಜ್ಞನೊಬ್ಬನು ನಮ್ಮ ನೃಪತುಂಗನ ಕಾಲದಲ್ಲಿ ಇದ್ದನು.

ಅವನೇ ಮಹಾವೀರಾಚಾರ್ಯ. ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ ಈ ಜೈನ ವಿದ್ವಾಂಸನು ಗ್ರಂಥಾರಂಭದಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಮಾನ್ಯಖೇಟದಿಂದ ಆಳಿದ ಆ ರಾಷ್ಟ್ರಕೂಟ ದೊರೆಯ ಸೀಮೆಗೆ ನಮ್ಮ ಜಿಲ್ಲೆಯ ಬನವಾಸಿಯೂ ಸೇರಿತ್ತು. ಅವನ ಸಾಮಂತನಾದ ಬಂಕೆಯನು ಅದನ್ನು ನೋಡಿಕೊಳ್ಳುತ್ತಿದ್ದನು. ನೃಪತುಂಗನೆಂದೊಡನೆ ‘ಕವಿರಾಜಮಾರ್ಗ’ವನ್ನು ನೆನೆಯುವ ನಾವು ಈ ಗಣಿತಗ್ರಂಥವನ್ನು ನೆನೆಯುವುದು ವಿರಳ.

ಗುಣಾಕಾರಕ್ಕೆ ಆಚಾರ್ಯನು ಕೊಟ್ಟ ಉದಾಹರಣೆಗಳಲ್ಲಿ ಒಂದನ್ನು ನೋಡೋಣ. 27994681ನ್ನು 441ರಿಂದ ಗುಣಿಸಿದರೆ ಬರುವ ಫಲ 12345654321. ಒಂದರಿಂದ ಆರರವರೆಗೆ ಏರಿ, ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ಅವನು ಇದನ್ನು ವರ್ಣಿಸುತ್ತಾನೆ. ಇಂಥ ಬೇರೆ ಫಲಗಳಿಗೆ ಅರಸನ ಕಂಠಾಭರಣವೆಂಬ ಹೆಸರೂ ಉಂಟು.

ನಮ್ಮ ರೂಢಿಯಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಏಕ, ದಶದಿಂದ ಮಹಾಕ್ಷೋಭದವರೆಗೆ ಆಚಾರ್ಯನು ಹೆಸರಿಸಿದ 24 ಸ್ಥಾನಗಳಲ್ಲಿ ಇದರ ಮೊದಲ ಅಂಕೆ ಅರ್ಬುದಸ್ಥಾನದಲ್ಲಿ ನಿಲ್ಲುತ್ತದೆ. ಕಾವ್ಯದಲ್ಲಿ ಹಿಂದು ಮುಂದಾಗಿ ಓದಿದರೂ ಒಂದೇ ಆಗುವ ಪದ್ಯಕ್ಕೆ ಗತಪ್ರತ್ಯಾಗತವೆನ್ನುತ್ತಾರೆ. ಇದು ಅಂಕೆಗಳ ಗತಪ್ರತ್ಯಾಗತ. ಇದು ಬೆಸಸಂಖ್ಯೆ, ಮೇಲಾಗಿ ಪೂರ್ಣವರ್ಗ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದುದರಿಂದ ನಮ್ಮ ಹಾರವು ಆರು ಒಂದುಗಳ ವರ್ಗ. 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಎರಡೆರಡು ಸಲ ಸೇರಿ ಇದನ್ನು ಕಟ್ಟಿವೆ. ಅಂಕೆಗಳನ್ನು ಕೂಡಿಸಿದರೆ 36. ಅದೂ ಆರರ ವರ್ಗವೇ.

ಇದರ ಗುಟ್ಟು ಸ್ಥಾನದಲ್ಲಿದೆ. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಮನೆ ಎಡಕ್ಕೆ ಸರಿದು ಬರುತ್ತವೆ. ಬಲತುದಿಯ ಮನೆಗೆ ಒಂದೇ 1, ಮುಂದಿನದಕ್ಕೆ ಎರಡು, ನಡುವಿನದಕ್ಕೆ ಆರು, ಅಲ್ಲಿಂದ ಇಳಿತ. ಒಂಬತ್ತು ಒಂದುಗಳವರೆಗೂ ಈ ಚೆಲುವು ನಿಲ್ಲುತ್ತದೆ. ಹತ್ತಾದೊಡನೆ ದಶಕವು ಪಕ್ಕದ ಮನೆಗೆ ಏರಿ ಸರ ಕೆಡುತ್ತದೆ. ರೋಮನ್ ಅಂಕೆಗಳಲ್ಲಿ ಬರೆದರೆ ಈ ಹಾರ ಕಣ್ಣಿಗೇ ಬೀಳದು. ಇಟಲಿಯ ಫಿಬೊನಾಚಿಯು ನಮ್ಮ ಅಂಕೆಗಳನ್ನು ಯುರೋಪಿಗೆ ವಿವರಿಸಿದ ಗ್ರಂಥ 1202ರದು. ಅದಕ್ಕೂ 350 ವರ್ಷ ಮೊದಲೇ ಇಲ್ಲಿ ಸ್ಥಾನಬೆಲೆಯು ವಿದ್ವಾಂಸರಿಗೆ ವಿನೋದದ ವಸ್ತುವಾಗುವಷ್ಟು ಬಳಕೆಯಾಗಿತ್ತೆಂಬುದಕ್ಕೆ ಈ ಸಂಖ್ಯೆಯೇ ಸಾಕ್ಷಿ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯದರಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದನು. ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮೂಲವು ಮದರಾಸಿನಲ್ಲಿ ಅಚ್ಚಾದುದು 1912ರಲ್ಲಿ. ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದುದು 2000ದಲ್ಲಿ. ನೃಪತುಂಗನ ನಾಡಿನ ಪುಸ್ತಕವು ನಾಡಿನ ನುಡಿಯಲ್ಲಿ ಮನೆಗೆ ಬರಲು ಇಷ್ಟು ಕಾಲ ಹಿಡಿಯಿತು. ಬಂದ ಅತಿಥಿಯನ್ನು ಕಪಾಟಿನಲ್ಲಿ ಕೂರಿಸಿ ಮರೆಯುವುದು ತರವಲ್ಲ.

ಲೆಕ್ಕವೆಂದರೆ ಮುಖ ತಿರುಗಿಸುವ ಮಕ್ಕಳು ಮನೆಯಲ್ಲಿದ್ದರೆ ಪಾಟಿ ಕೊಟ್ಟು ಕೂರಿಸಿರಿ. 152207ನ್ನು 73ರಿಂದ ಗುಣಿಸಲು ಹೇಳಿರಿ. ಇದೂ ಆಚಾರ್ಯನದೇ ಲೆಕ್ಕ. ಬರುವ ಸರ ಯಾವುದೆಂದು ನಾನಿಲ್ಲಿ ಹೇಳುವುದಿಲ್ಲ. ಮಣಿಗಳನ್ನು ಅವರೇ ಪೋಣಿಸಲಿ.